ಗುರುಲಘು ವಿಚಾರ

ಸಂಸ್ಕೃತದಲ್ಲಿ ‘ಗುರು’ ಎಂದರೆ ಭಾರವಾದದ್ದು, ಪೂಜ್ಯವಾದದ್ದೂ ಹೌದು. ‘ಲಘು’ ಎಂದರೆ ಹಗುರವಾದದ್ದು, ಕ್ಷುದ್ರವಾದದ್ದೂ ಹೌದು. ಲೋಕರೂಢಿಯೂ ಈ ಶಬ್ದಾರ್ಥವನ್ನೇ ಅನುಸರಿಸಿ ನಡೆದಿದೆ. ಕೈಯಲ್ಲಿ ಹಿಡಿದು ತೂಗಿ ನೋಡಿದಾಗ ಭಾರವೆನಿಸಿದ ಕಂಚಿನ ಪಾತ್ರೆಯನ್ನು ಗೃಹಿಣಿಯು ಮೆಚ್ಚಿ ಕೊಳ್ಳುವಳು. ಹಗುರವಾದದ್ದನ್ನು ಅಂಗಡಿಯವನಿಗೇ ಹಿಂದಿರುಗಿಸುವಳು. ಆದರೆ ಓಡುವ ವಸ್ತುಗಳ ವಿಷಯದಲ್ಲಿ ಈ ನ್ಯಾಯವು ತಲೆಕೆಳಗಾಗುತ್ತದೆ. ಕುದುರೆ, ದೋಣಿ, ಬಾಣ, ರಥ ಇವುಗಳಲ್ಲಿ ಲಾಘವವೇ ಗುಣ, ಭಾರವೇ ದೋಷ. ಈ ಹಳೆಯ ಸಂಗತಿಯು 2024ನೆಯ ಇಸವಿಯಲ್ಲಿ ಮೋಟಾರು ಗಾಡಿಗಳ ಪ್ರಪಂಚದಲ್ಲಿ ಒಂದು ದೊಡ್ಡ ವಿವಾದವಾಗಿ ಮತ್ತೆ ತಲೆಯೆತ್ತಿತು.

ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯವರು ‘ಎಂ5’ ಎಂಬ ಹೆಸರಿನ ಗಾಡಿಯನ್ನು ಮೊದಲು ಲೋಕಕ್ಕೆ ತೋರಿಸಿದ್ದು 1985ರಲ್ಲಿ. ಹೊರಗಿನಿಂದ ನೋಡುವವರಿಗೆ ಅದು ನಾಲ್ಕು ಬಾಗಿಲಿನ ಸಂಸಾರವಂದಿಗರ ವಾಹನ. ಸಾರಥ್ಯ ವಹಿಸಿದವನಿಗೆ ಮಾತ್ರ ಅದು ಪಂದ್ಯದ ಗಾಡಿ. ಈ ವೇಷಧಾರಿತ್ವವೇ ಅದರ ಅಭಿಮಾನಿಗಳಿಗೆ ರಸಸ್ಥಾನವಾಗಿತ್ತು. ಆ ಗಾಡಿಯ ಏಳನೆಯ ಅವತಾರವು 2024ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಎಂಟು ಸಿಲಿಂಡರುಗಳ ಪೆಟ್ರೋಲು ಎಂಜಿನು, ಅದರೊಡನೆ ಒಂದು ವಿದ್ಯುತ್ ಮೋಟಾರು, ಅದನ್ನು ನಡೆಸಲು ಒಂದು ದೊಡ್ಡ ಬ್ಯಾಟರಿ. ಎಲ್ಲ ಸೇರಿ 727 ಅಶ್ವಶಕ್ತಿ. ಕೇಳಿದವರು ಕುಣಿದಾಡಬೇಕಾಗಿತ್ತು. ಆದರೆ ಅಭಿಮಾನಿಗಳ ದೃಷ್ಟಿಯು ಅದೇ ಪಟ್ಟಿಯ ಇನ್ನೊಂದು ಸಾಲಿನಲ್ಲಿ ನಟ್ಟುಹೋಯಿತು. ಗಾಡಿಯ ತೂಕ 2,435 ಕಿಲೋಗ್ರಾಂ ಎಂದು ಅಲ್ಲಿ ಬರೆದಿತ್ತು.

ಈ ಸಂಖ್ಯೆಯ ಅರ್ಥವು ಹಿಂದಿನವುಗಳೊಡನೆ ಹೋಲಿಸಿ ನೋಡಿದರೆ ತಿಳಿಯುವುದು. ಮೊದಲನೆಯ ಎಂ5 ಸುಮಾರು 1,430 ಕಿಲೋಗ್ರಾಂ ತೂಗುತ್ತಿತ್ತು, ಅದರ ಶಕ್ತಿ 286. 2017ರಲ್ಲಿ ಬಂದ ಆರನೆಯದು ಸುಮಾರು 1,855, ಅದರ ಶಕ್ತಿ 600. ಎಂದರೆ ಮೊದಲನೆಯದರಲ್ಲಿ ಒಂದೊಂದು ಅಶ್ವಶಕ್ತಿಯ ಪಾಲಿಗೆ ಐದು ಕಿಲೋಗ್ರಾಂ ಭಾರ ಬೀಳುತ್ತಿದ್ದರೆ, ಆರನೆಯದರಲ್ಲಿ ಮೂರಕ್ಕೆ ಇಳಿದಿತ್ತು. ಏಳನೆಯದರಲ್ಲಿ ಅದು ಮತ್ತೆ ಮೇಲಕ್ಕೇರಿತು. ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಹಿಂದಿನ ಗಾಡಿಗೆ 3.4 ಸೆಕೆಂಡು ಸಾಕಾಗಿದ್ದರೆ, 127 ಅಶ್ವಶಕ್ತಿ ಹೆಚ್ಚಾಗಿರುವ ಹೊಸದಕ್ಕೆ 3.5 ಸೆಕೆಂಡು ಬೇಕಾಯಿತು. ಗಳಿಸಿದುದನ್ನೆಲ್ಲ ಭಾರವೇ ನುಂಗಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಭಿಮಾನಿಗಳಲ್ಲಿ ಕೆಲವರು ನಕ್ಕರು, ಕೆಲವರು ಮುನಿದರು. ಅದೇ ಸಂಸ್ಥೆಯ ಪೂರ್ಣ ವಿದ್ಯುತ್ತಿನ ಗಾಡಿಗಿಂತಲೂ ಇದು ಭಾರವಾಯಿತಲ್ಲ ಎಂದು ಒಬ್ಬರ ಆಕ್ಷೇಪ; ಬ್ಯಾಟರಿಯನ್ನು ಬೇಡಿದವರಾರು ಎಂದು ಇನ್ನೊಬ್ಬರ ಪ್ರಶ್ನೆ. ಇದಕ್ಕೆ ಪ್ರತಿವಾದಿಗಳೂ ಇರದೆ ಹೋಗಲಿಲ್ಲ. ಗಾಡಿಯನ್ನು ನಡೆಸಿ ನೋಡದೆ ಕಾಗದದ ಮೇಲಿನ ಅಂಕಿಯನ್ನು ನೋಡಿ ತೀರ್ಪು ಹೇಳುವುದು ಯಾವ ನ್ಯಾಯ? ಯುರೋಪಿನಲ್ಲಿ ಮಾರಾಟವಾಗುವ ಗಾಡಿಗಳು ಹೊರಬಿಡುವ ಇಂಗಾಲಾಮ್ಲದ ಸರಾಸರಿಗೆ ಕಾಯಿದೆಯು ಮಿತಿ ಹಾಕಿದೆ. ಬ್ಯಾಟರಿಯ ನೆರವಿಲ್ಲದಿದ್ದರೆ ಎಂಟು ಸಿಲಿಂಡರುಗಳ ಎಂಜಿನು ಉಳಿಯುವುದಾದರೂ ಹೇಗೆ? ಮನೆಯಿಂದ ಕಚೇರಿಗೆ ಅರವತ್ತಕ್ಕೂ ಮಿಕ್ಕು ಕಿಲೋಮೀಟರುಗಳನ್ನು ಒಂದು ತೊಟ್ಟು ಪೆಟ್ರೋಲು ಸುಡದೆ ಹೋಗಿಬರಬಹುದಾದುದು ಲಾಭವಲ್ಲವೆ? ಹೀಗೆ ಅವರ ವಾದ. ಎರಡು ಪಕ್ಷಗಳಲ್ಲಿಯೂ ಹುರುಳಿಲ್ಲವೆನ್ನುವಂತಿಲ್ಲ.

ವೈಶೇಷಿಕ ದರ್ಶನದಲ್ಲಿ ಗುರುತ್ವವು ಒಂದು ಗುಣ. ಅದು ಕಣ್ಣಿಗೆ ಕಾಣುವಂಥದಲ್ಲ. ವಸ್ತುವು ಬೀಳುವುದರಿಂದ ಮಾತ್ರ ಊಹಿಸತಕ್ಕದ್ದು ಎಂದು ಪ್ರಶಸ್ತಪಾದಾಚಾರ್ಯರ ಮತ. ಮೋಟಾರು ಗಾಡಿಗೂ ಈ ಮಾತು ಸಲ್ಲುವುದು. ನೆಟ್ಟನೆಯ ರಸ್ತೆಯಲ್ಲಿ ಬಲವಾದ ಎಂಜಿನು ಭಾರವನ್ನು ಬಚ್ಚಿಡಬಲ್ಲುದು. ತಿರುವಿನಲ್ಲಿಯೂ ಬ್ರೇಕು ಒತ್ತಿದಾಗಲೂ ಅದು ಹೊರಬೀಳದೆ ಇರದು. ಭಾರವಾದ ವಸ್ತುವು ತನ್ನ ದಾರಿಯನ್ನು ಬಿಟ್ಟು ತಿರುಗಲು ಒಲ್ಲದು. ಅದನ್ನು ತಿರುಗಿಸುವ ಹೊಣೆಯೆಲ್ಲ ಅಂಗೈ ಅಗಲದಷ್ಟು ನೆಲವನ್ನು ಮುಟ್ಟಿರುವ ನಾಲ್ಕು ಟೈರುಗಳದು. ಭಾರ ಹೆಚ್ಚಿದಂತೆ ಟೈರಿನ ಹಿಡಿತವೂ ಹೆಚ್ಚುವುದು ನಿಜ, ಆದರೆ ಅದೇ ಪ್ರಮಾಣದಲ್ಲಿ ಹೆಚ್ಚದು. ಆಗ ಟೈರನ್ನು ಅಗಲ ಮಾಡಬೇಕು. ಬ್ರೇಕನ್ನು ದೊಡ್ಡದು ಮಾಡಬೇಕು. ಇವನ್ನು ಹೊರಲು ಚೌಕಟ್ಟನ್ನು ಗಟ್ಟಿ ಮಾಡಬೇಕು. ಹಿಂದಿನ ಚಕ್ರಗಳನ್ನೂ ಕೊಂಚ ತಿರುಗಿಸುವ ಯಂತ್ರವೊಂದನ್ನು ಸೇರಿಸಬೇಕು. ಇವೆಲ್ಲವೂ ಮತ್ತೆ ಭಾರವೇ. ಸಾಲ ತೀರಿಸಲು ಸಾಲ ಮಾಡಿದವನ ಲೆಕ್ಕದಂತೆ ಇದಕ್ಕೆ ಕೊನೆಯಿಲ್ಲ.

ಇಷ್ಟಾದರೂ ಈ ಉಪಾಯಗಳಿಂದ ಭಾರವಾದ ಗಾಡಿಯು ತಿರುವಿನಲ್ಲಿ ವೇಗವಾಗಿಯೇ ಹೋಗುವುದು. ಹಾಗಾದರೆ ಅಭಿಮಾನಿಗಳ ದುಃಖವು ಯಾವುದಕ್ಕೆ? ಗಡಿಯಾರವು ಅಳೆಯಲಾರದ ಒಂದು ವಸ್ತುವಿಗೆ. ಹಗುರವಾದ ಗಾಡಿಯಲ್ಲಿ ನೆಲದ ಸಮಾಚಾರವು ಚಾಲಕನ ಅಂಗೈಗೆ ಮುಟ್ಟುತ್ತದೆ. ಚಾಲಕನ ಸಂಕಲ್ಪವು ತಡವಿಲ್ಲದೆ ಚಕ್ರಕ್ಕೆ ಮುಟ್ಟುತ್ತದೆ. ಭಾರವಾದದ್ದರಲ್ಲಿ ಈ ಇಬ್ಬರ ನಡುವೆ ಯಂತ್ರಗಳು ದ್ವಿಭಾಷಿಗಳಂತೆ ನಿಂತು, ಅವನ ಮಾತನ್ನು ಇದಕ್ಕೂ ಇದರ ಮಾತನ್ನು ಅವನಿಗೂ ತಿದ್ದಿ ಹೇಳುತ್ತವೆ. ಕಾರ್ಯ ನಡೆಯುತ್ತದೆ, ಸಂಭಾಷಣೆ ಇರುವುದಿಲ್ಲ.

ಮಹಾಭಾರತದ ನಳೋಪಾಖ್ಯಾನದಲ್ಲಿ ಇದಕ್ಕೆ ತಕ್ಕ ಪ್ರಸಂಗವೊಂದುಂಟು. ಅಯೋಧ್ಯೆಯ ಋತುಪರ್ಣನು ಒಂದೇ ದಿನದಲ್ಲಿ ವಿದರ್ಭಕ್ಕೆ ಹೋಗಬೇಕಾಗಿತ್ತು. ಬಾಹುಕನೆಂಬ ಹೆಸರಿನಲ್ಲಿ ಅವನ ಸಾರಥಿಯಾಗಿದ್ದ ನಳನು ಲಾಯದಿಂದ ಆರಿಸಿ ತಂದುದು ಕೃಶವಾದ ಕುದುರೆಗಳನ್ನು. ಈ ಬಡಕಲು ಪ್ರಾಣಿಗಳು ನಮ್ಮನ್ನು ಹೊತ್ತಾವೆಯೆ ಎಂದು ರಾಜನು ರೇಗಿದನು. ದಾರಿಯಲ್ಲಿ ಅವನ ಉತ್ತರೀಯವು ಜಾರಿ ಬಿದ್ದು, ಅದನ್ನು ತರಿಸೋಣವೆನ್ನುವಷ್ಟರಲ್ಲಿ ರಥವು ಒಂದು ಯೋಜನ ಮುಂದೆ ಹೋಗಿತ್ತು. ಪುಷ್ಟಿಯನ್ನು ಶಕ್ತಿಯೆಂದು ಭ್ರಮಿಸುವುದು ರಾಜರಿಗೂ ತಪ್ಪಲಿಲ್ಲ. ಅಶ್ವಹೃದಯವನ್ನು ಬಲ್ಲವನಿಗೆ ಆ ಭ್ರಮೆ ಇರಲಿಲ್ಲ.

ಜಪಾನು ದೇಶದ ಹಿರೋಶಿಮಾ ಪ್ರಾಂತದ ಮಜ್ದಾ ಸಂಸ್ಥೆಯವರು ತಮ್ಮ ‘ಎಂಎಕ್ಸ್-5’ ಎಂಬ ಎರಡು ಪೀಠಗಳ ಪುಟ್ಟ ಗಾಡಿಗೆ ಧ್ಯೇಯವಾಗಿ ಇಟ್ಟುಕೊಂಡಿರುವ ಮಾತೂ ಇಂಥದೇ: ‘ಜಿನ್ಬಾ ಇತ್ತಾಯ್’, ಕುದುರೆಯೂ ಸವಾರನೂ ಒಂದೇ ದೇಹವಾಗಿರುವುದು. 1989ರಲ್ಲಿ ಬಂದ ಮೊದಲ ಗಾಡಿಯು ಸುಮಾರು 940 ಕಿಲೋಗ್ರಾಂ ಇದ್ದಿತು. 2005ರಲ್ಲಿ ಮೂರನೆಯದನ್ನು ರಚಿಸುವಾಗ ಶಿಲ್ಪಿಗಳು ಒಂದೊಂದು ಗ್ರಾಮನ್ನೂ ಲೆಕ್ಕವಿಟ್ಟರು. ಹಿಂಬದಿ ನೋಡುವ ಕನ್ನಡಿಯೊಂದರಲ್ಲಿಯೇ 84 ಗ್ರಾಂ ಉಳಿಸಿದರು. ಅರ್ಧಮಾತ್ರೆ ಉಳಿದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂಬ ಮಾತು ವಿದ್ವಾಂಸರಲ್ಲಿ ಪ್ರಸಿದ್ಧವಾಗಿದೆಯಷ್ಟೆ. ಇವರ ಸಂತೋಷವೂ ಅದೇ ಜಾತಿಯದು. ಹೀಗಿದ್ದೂ ಆ ಮೂರನೆಯ ಗಾಡಿ ದೊಡ್ಡದಾಯಿತು, ಭಾರವಾಯಿತು ಎಂದು ಹಳೆಯ ಅಭಿಮಾನಿಗಳು ಗೊಣಗುವುದನ್ನು ಬಿಡಲಿಲ್ಲ. 2015ರಲ್ಲಿ ಬಂದ ನಾಲ್ಕನೆಯದರಲ್ಲಿ ಸುಮಾರು 100 ಕಿಲೋಗ್ರಾಂ ಇಳಿಯಿತು. ಜಪಾನಿನಲ್ಲಿ ಮಾರಿದ ಅತ್ಯಂತ ಹಗುರವಾದ ಮಾದರಿಯು 990 ಕಿಲೋಗ್ರಾಂ ಮಾತ್ರವಿತ್ತು. ಎಂಜಿನು ಎರಡು ಲೀಟರಿನಿಂದ ಒಂದೂವರೆಗೆ ಇಳಿದು ಶಕ್ತಿಯು ಕಡಮೆಯಾಗಿದ್ದರೂ ಜನರು ಗಾಡಿಯನ್ನು ಮೆಚ್ಚಿ ಕೊಂಡಾಡಿದರು. 2016ರಲ್ಲಿ ಅದಕ್ಕೆ ವಿಶ್ವದ ವರ್ಷದ ಕಾರು ಎಂಬ ಪ್ರಶಸ್ತಿಯೂ ಸಂದಿತು.

ಇಷ್ಟರಿಂದ ಭಾರವೆಲ್ಲ ಪಾಪವೆಂದು ತೀರ್ಮಾನಿಸುವುದು ಅವಿವೇಕ. ಮೊದಲನೆಯ ಎಂ5 ಗಾಡಿಯ ಕಾಲದಲ್ಲಿ ಡಿಕ್ಕಿಯಾದಾಗ ಒಳಗಿದ್ದವರ ಗತಿಯೇನೆಂಬುದನ್ನು ಹಳೆಯ ಗಾಡಿಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಬಾಗಿಲಿನೊಳಗಿನ ಉಕ್ಕಿನ ತೊಲೆ, ಗಾಳಿಚೀಲ, ಮುರಿಯದ ಚೌಕಟ್ಟು ಇವೆಲ್ಲ ಭಾರವನ್ನು ತಂದವು. ಅದರೊಡನೆ ಎಷ್ಟೋ ಮನೆಗಳ ಮಕ್ಕಳನ್ನು ಮನೆಗೆ ಹಿಂದಿರುಗಿಸಿದವು. ಆ ಭಾರವನ್ನು ದೂಷಿಸುವ ಬಾಯಿಗೆ ಧರ್ಮವಿಲ್ಲ. ಆದರೆ ಎರಡೂವರೆ ಟನ್ನಿನ ಸಮೀಪದ ಗಾಡಿಯೆಲ್ಲವೂ ರಕ್ಷಣೆಗಾಗಿಯೇ ಬೆಳೆದುದೆನ್ನುವುದೂ ಸತ್ಯವಲ್ಲ. ಗಾಳಿಚೀಲಗಳನ್ನೂ ಹೊತ್ತು, ಈ ಕಾಲದ ಕಾಯಿದೆಗಳಿಗೂ ತಲೆಬಾಗಿ, ಒಂದು ಟನ್ನಿನ ಆಚೀಚೆ ನಿಲ್ಲಬಹುದೆಂದು ಆ ಪುಟ್ಟ ಗಾಡಿಯು ತೋರಿಸಿದೆ. ಅದರಲ್ಲಿ ಇಬ್ಬರೇ ಕುಳಿತುಕೊಳ್ಳಬಹುದು, ಐವರ ವಾಹನಕ್ಕೆ ಅದನ್ನು ಸರಿಸಮವಾಗಿ ಹೋಲಿಸಲಾಗದು ಎಂಬುದು ದಿಟವೆ. ಆದರೂ ಉಳಿಯುವ ವ್ಯತ್ಯಾಸದಲ್ಲಿ ಅಗತ್ಯದ ಪಾಲೆಷ್ಟು, ಆಡಂಬರದ ಪಾಲೆಷ್ಟು ಎಂದು ಕೇಳುವ ಹಕ್ಕು ಉಳಿದೇ ಇರುತ್ತದೆ.

ಈ ಪ್ರಶ್ನೆಯು ಹಣವಂತ ಅಭಿಮಾನಿಗಳ ಅಭಿರುಚಿಗೆ ಮಾತ್ರ ಸಂಬಂಧಿಸಿದುದಲ್ಲ. ರಸ್ತೆಯು ಎಲ್ಲರದು. ಭಾರವಾದ ಗಾಡಿಯೂ ಹಗುರವಾದದ್ದೂ ಎದುರುಬದುರಾಗಿ ಬಡಿದರೆ ಹೆಚ್ಚು ಪೆಟ್ಟು ತಿನ್ನುವವರು ಹಗುರವಾದದ್ದರಲ್ಲಿ ಕುಳಿತವರು. ಒಬ್ಬನು ತನ್ನ ರಕ್ಷಣೆಗೆಂದು ಹೇರಿಕೊಂಡ ಭಾರವು ಇನ್ನೊಬ್ಬನಿಗೆ ಭಯವಾಗುತ್ತದೆ. ಆ ಭಯದಿಂದ ಅವನೂ ಭಾರವಾದದ್ದನ್ನೇ ಕೊಳ್ಳುತ್ತಾನೆ. ಕಾಲ್ನಡೆಯವನು ಏನನ್ನು ಕೊಳ್ಳಬೇಕು?

ಆದುದರಿಂದ ಅಭಿಮಾನಿಗಳ ಗೊಣಗಾಟವನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಅವರ ಮಾತಿನಲ್ಲಿ ಹಳೆಯದರ ಮೇಲಿನ ಮೋಹವೂ ಇದೆ, ಉತ್ಪ್ರೇಕ್ಷೆಯೂ ಇದೆ. ಆದರೆ ಪ್ರತಿಯೊಂದು ಹೊಸ ವಸ್ತುವೂ ಹಿಂದಿನದಕ್ಕಿಂತ ದೊಡ್ಡದಾಗಿ ದಪ್ಪವಾಗಿ ಬರುತ್ತಿರುವಾಗ, ಇದರಲ್ಲಿ ಬೇಡದ್ದು ಯಾವುದು ಎಂದು ಕೇಳುವವರು ಅವರೇ. ಛಂದಸ್ಸಿನಲ್ಲಿ ಗುರುವಿಗೂ ಸ್ಥಾನವಿದೆ, ಲಘುವಿಗೂ ಇದೆ. ಎಲ್ಲಿ ಯಾವುದಿರಬೇಕೆಂಬುದನ್ನು ಅರಿತವನು ಕವಿ. ಗಾಡಿಯನ್ನು ರಚಿಸುವ ಶಿಲ್ಪಿಗೂ ಅಷ್ಟೇ ವಿವೇಕ ಬೇಕು. ಅದನ್ನು ಅವನಿಗೆ ನೆನಪಿಸುತ್ತಿರುವವರು ಲೋಕದಲ್ಲಿ ಕೆಲವರಾದರೂ ಇರಲಿ.