ಸೆಟ್ಟಿನ ಸಂಸಾರ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳ ಹೊರೆ ಹೊತ್ತ ಪದ ಯಾವುದು ಎಂದರೆ ಬಹುಕಾಲ ‘ಸೆಟ್’ ಎಂಬುದೇ ಉತ್ತರವಾಗಿತ್ತು. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿ ಅದಕ್ಕೆ 430 ಅರ್ಥ ಕೊಟ್ಟಿತ್ತು. ವಿವರಣೆಯೇ ಸುಮಾರು 60,000 ಪದ. ಆಮೇಲೆ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು. ಹೆಸರೇ ರನ್, ಓಡದೆ ಇನ್ನೇನು ಮಾಡೀತು? ಆದರೆ ನಿಘಂಟಿನವರು ಒಮ್ಮೆ ನಮ್ಮ ಕಡೆ ಬಂದು ಎಣಿಸಿದ್ದರೆ ಸೆಟ್ಟಿಗೆ ಈ ಗತಿ ಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ನಾವು ಅದಕ್ಕೊಂದು ಉಕಾರ ಅಂಟಿಸಿ, ಲೋಪಸಂಧಿಯನ್ನೂ ಮಾಡಿಸಿದ್ದೇವೆ. ಪತ್ರಿಕೆಯ ಸಿನಿಮಾ ಪುಟ ನೋಡಿ, ವಾರಕ್ಕೊಂದು ಚಿತ್ರ ‘ಸೆಟ್ಟೇರುತ್ತದೆ’. ಸೆಟ್ಟನ್ನೇ ಹಾಕದೆ ಸಕಲೇಶಪುರದ ಕಾಡಿನಲ್ಲಿ ಚಿತ್ರೀಕರಿಸಿದರೂ ಅದು ಸೆಟ್ಟೇರಿದಂತೆಯೇ. ಹಾಗೆ ಏರಿದ ಕೆಲವು ಇಳಿದದ್ದನ್ನು ಯಾರೂ ಕಂಡಿಲ್ಲ.

ನಮ್ಮೂರಿನಲ್ಲಿ ಸೆಟ್ ಅಂದರೆ ಮೊದಲು ರೇಡಿಯೊ. ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ. ‘ಅವರ ಮನೇಲಿ ಸೆಟ್ ಇದೆ’ ಎಂದರೆ ಹೆಣ್ಣು ಕೊಡಬಹುದು ಎಂದರ್ಥ. ಬೋರ್‌ವೆಲ್ ಬಂದ ಮೇಲೆ ಆ ಪಟ್ಟ ಪಂಪ್‌ಸೆಟ್ಟಿಗೆ ಹೋಯಿತು. ಸರ್ಕಾರಿ ಕಾಗದದಲ್ಲಿ ಅದು ಐಪಿ ಸೆಟ್. ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಆದರೆ ಬರುವುದು ಅದಕ್ಕೆ ಮನಸ್ಸಾದಾಗ. ಸರಿರಾತ್ರಿಯಲ್ಲಿ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ತೋಟಕ್ಕೆ ಓಡುವ ರೈತನಿಗೆ ಸೆಟ್ಟೂ ರನ್ನೂ ಒಟ್ಟಿಗೇ ಅರ್ಥವಾಗುತ್ತವೆ.

ನನಗೆ ತೀರಾ ಆಪ್ತವಾದದ್ದು ಲೆಮನ್ ಸೆಟ್. ಒಂದು ಕಾಲಕ್ಕೆ ಇದಿಲ್ಲದೆ ನಮ್ಮಲ್ಲಿ ಮದುವೆಗಳೇ ಆಗುತ್ತಿರಲಿಲ್ಲ. ಒಂದು ಜಗ್ಗು, ಆರು ಲೋಟ, ಎಲ್ಲದರ ಮೇಲೂ ಯಾವ ಗಿಡದಲ್ಲೂ ಬಿಡದ ಕಿತ್ತಳೆ ಬಣ್ಣದ ಹೂವು. ಅದರಲ್ಲಿ ಶರಬತ್ತು ಕುಡಿದವರನ್ನು ನಾನು ಕಂಡಿಲ್ಲ. ಅಮ್ಮನ ಬೀರುವಿನ ಮೇಲೆ ಅಂಥ ನಾಲ್ಕಾರು ಡಬ್ಬಗಳು ಸದಾ ಇರುತ್ತಿದ್ದವು. ಯಾರದಾದರೂ ಮದುವೆಯ ಕರೆಯೋಲೆ ಬಂದರೆ ಸ್ಟೂಲು ಹತ್ತಿ, ಒಂದನ್ನು ಇಳಿಸಿ, ಧೂಳು ಒರೆಸಿ, ಹಳೆಯ ಬಣ್ಣದ ಕಾಗದವನ್ನು ಹರಿಯದಂತೆ ಬಿಡಿಸುತ್ತಿದ್ದಳು. ಒಳಗೆ ‘ಶುಭಾಶಯಗಳೊಂದಿಗೆ’ ಎಂದು ಇನ್ನಾರದೋ ಹೆಸರಿನ ಚೀಟಿ ಉಳಿದಿರಬಾರದಲ್ಲ! ಯಾರು ಯಾವುದನ್ನು ಕೊಟ್ಟರೆಂಬ ಲೆಕ್ಕ ಅವಳ ತಲೆಯಲ್ಲೇ ಇತ್ತು. ಕೊಟ್ಟವರಿಗೇ ವಾಪಸ್ ಹೋದರೆ ಮರ್ಯಾದೆಯ ಪ್ರಶ್ನೆ. ಹೀಗೆ ಮನೆಯಿಂದ ಮನೆಗೆ ಸುತ್ತುತ್ತ ಆ ಸೆಟ್ಟುಗಳು ನಮ್ಮ ನೆಂಟಸ್ತನದ ನಕ್ಷೆಯನ್ನೇ ಬರೆದವು. ಎಲ್ಲೋ ಒಂದು ಲೋಟ ಒಡೆದರೆ ಮಾತ್ರ ಯಾತ್ರೆ ನಿಲ್ಲುತ್ತಿತ್ತು. ಉಳಿದ ಐದು ಅಡುಗೆಮನೆಗೆ ಬಂದು, ಕೊನೆಗೂ ನೀರು ಕಂಡವು.

ಈಗ ಉಡುಗೊರೆಯನ್ನು ಫೋನಿನಲ್ಲೇ ಕಳಿಸುತ್ತಾರೆ. ಅನುಕೂಲ, ನಿಜ. ಬೀರುವಿನ ಮೇಲೂ ಜಾಗ ಖಾಲಿ. ಆದರೆ ಯಾರಿಗೆ ಯಾವುದು ಹೋಯಿತೆಂದು ಅಮ್ಮನಂತೆ ನೆನಪಿಡುವವರು ಇಲ್ಲ.

ಸೆಟ್ ದೋಸೆಯದು ಬೇರೆಯೇ ನ್ಯಾಯ. ಸಾಗು ಜೊತೆ ಮೂರು ಮೆತ್ತನೆ ದೋಸೆ ಬಂದರೆ ಅದು ಸೆಟ್. ಈಗೀಗ ಎರಡೇ ಬರುತ್ತಿವೆ. ಕೇಳಿದರೆ ‘ಎರಡೂ ಸೆಟ್ಟೇ ಸಾರ್’ ಎನ್ನುತ್ತಾನೆ ಸಪ್ಲೈಯರ್. ಒಂದೇ ಬರುವ ದಿನವೂ ದೂರವಿಲ್ಲ.

ಇವೆಲ್ಲವನ್ನೂ ಮೀರಿಸಿದ್ದು ಇಂದಿನ ಮಕ್ಕಳ ‘ಸೆಟ್ ಆಗಲ್ಲ’. ಅಂಗಿ ಸೆಟ್ ಆಗಲ್ಲ, ಪಿಜಿ ಊಟ ಸೆಟ್ ಆಗಲ್ಲ, ಮ್ಯಾನೇಜರ್ ಅಂತೂ ಸೆಟ್ ಆಗುವುದೇ ಇಲ್ಲ. ಮೊನ್ನೆ ಚಿಕ್ಕಪ್ಪನ ಮೊಮ್ಮಗಳು ಚೆಂದದ ಸಂಬಂಧವೊಂದನ್ನು ಒಂದು ಕಾಫಿಯಷ್ಟು ಹೊತ್ತು ಮಾತಾಡಿ ತಳ್ಳಿಹಾಕಿ ಬಂದಳು. ‘ಹುಡುಗ ಒಳ್ಳೆಯವನೇ ಅಜ್ಜಿ, ಆದ್ರೆ ಸೆಟ್ ಆಗಲ್ಲ.’

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಚಿಕ್ಕಮ್ಮ ತಲೆ ಎತ್ತಲಿಲ್ಲ. ‘ನನಗೂ ನಿಮ್ಮ ತಾತಂಗೂ ಇನ್ನೂ ಆಗಿಲ್ಲ ಕಣೇ. ಮೊಮ್ಮಕ್ಕಳಾದ್ವಲ್ಲ, ಇನ್ನೊಂದಷ್ಟು ದಿನ ನೋಡೋಣ ಅಂತಿದೀನಿ.’

ಒಳಗಿಂದ ಚಿಕ್ಕಪ್ಪ ಕೂಗಿದರು: ‘ಏನೇ ಅದು, ಇನ್ನೂ ಆಗಿಲ್ಲ ಅಂದಿದ್ದು? ಕಾಫೀನಾ?’