ಖರ್ಚಿಗೆ ಕತ್ತರಿ, ಉಳಿತಾಯದ ಗುಪ್ಪೆ

ವಿದ್ಯಾಪೀಠ ವೃತ್ತ ದಾಟಿ ಸಿಟಿ ಬಸ್ಸು ಸ್ವಲ್ಪ ಮುಂದೆ ಬಂತೆಂದರೆ ಕಂಡಕ್ಟರ್ 'ಯಾರ್ರೀ ಕತ್ರಿಗುಪ್ಪೆ, ಬೇಗ ಬನ್ನಿ' ಎಂದು ಕೂಗುತ್ತಾನೆ. ಅರ್ಧ ಬಸ್ಸು ಖಾಲಿ! ಇಳಿದವರಿಗೆ ಮೊದಲು ಕಾಣುವುದು ವರ್ತುಲ ರಸ್ತೆಯ ಸಿಗ್ನಲ್ಲು, ಅದರ ನಾಲ್ಕೂ ಕಡೆ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ದರ್ಶಿನಿ, ಟ್ಯೂಷನ್ನಿನ ಬೋರ್ಡುಗಳು. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಫಲಕಗಳ ನಡುವೆ ನಿಂತು ಉಳಿತಾಯದ ಮಾತೆತ್ತುವವನನ್ನು ಜನ ಮೇಲಿಂದ ಕೆಳಗೆ ನೋಡಿಯಾರು. ಆದರೆ ಮುಖ್ಯರಸ್ತೆ ಬಿಟ್ಟು ಎರಡು ಅಡ್ಡರಸ್ತೆ ಒಳಗೆ ನಡೆದು ನೋಡಿ. ಗದ್ದಲ ಹಿಂದೆ ಉಳಿಯುತ್ತದೆ. ಕಾಂಪೌಂಡಿನ ಮೇಲೆ ತೊಳೆದು ಒಣಗಲಿಟ್ಟ ಹಾಲಿನ ಕವರುಗಳು, ತಾರಸಿಯ ಮೇಲೆ ಹಳೆ ಸೀರೆ ಹಾಸಿ ಹರಡಿದ ಸಂಡಿಗೆ, ಬಚ್ಚಲ ಹೊರಗೆ ಸಾಲಾಗಿ ನಿಂತ ಬಕೆಟ್ಟುಗಳು ಕಾಣಿಸುತ್ತವೆ.

ಗುಪ್ಪೆ ಎಂದರೆ ನಮ್ಮ ಕನ್ನಡದಲ್ಲಿ ರಾಶಿ. ಕತ್ರಿಯನ್ನು ಕತ್ತರಿ ಎಂದು ಓದಿಕೊಂಡರೆ, ಖರ್ಚಿಗೆ ಕತ್ತರಿ ಹಾಕಿ ಗುಪ್ಪೆ ಕೂಡಿಡುವವರ ಊರು ಎಂದಾಗುತ್ತದೆ. ಇದು ಭಾಷಾಶಾಸ್ತ್ರವೇನಲ್ಲ, ಬರೀ ತಮಾಷೆ. ಆದರೂ ಒಳರಸ್ತೆಗಳಲ್ಲಿ ಸುತ್ತಿದಾಗ ಈ ತಮಾಷೆ ಅಷ್ಟೇನೂ ಸುಳ್ಳಲ್ಲ ಅನ್ನಿಸುತ್ತದೆ.

ಕತ್ರಿಗುಪ್ಪೆ ಬೆಂಗಳೂರಿನ ಹೊರಗಿದ್ದ ಹಳ್ಳಿ. ಇಟ್ಟಮಡು, ಹೊಸಕೆರೆಹಳ್ಳಿ, ಚಿಕ್ಕಲ್ಲಸಂದ್ರಗಳಂತೆ ಇದನ್ನೂ ನಗರ ಮೆಲ್ಲಗೆ ನುಂಗಿತು. ಇಲ್ಲಿಗೆ ಬರುವ ರಸ್ತೆಯಲ್ಲಿರುವ ಪೂರ್ಣಪ್ರಜ್ಞ ವಿದ್ಯಾಪೀಠ 1956ರಲ್ಲಿ ಆರಂಭವಾಯಿತು. ಆ ವೃತ್ತಕ್ಕೆ ಹೆಸರು ಬಂದದ್ದು ಅದರಿಂದಲೇ. 1976ರಲ್ಲಿ ಬಿ.ಡಿ.ಎ. ಹುಟ್ಟಿದ ಮೇಲೆ ಬನಶಂಕರಿಯ ಹಂತಗಳು ಒಂದೊಂದಾಗಿ ತುಂಬಿಕೊಂಡವು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರು ಹೆಚ್ಚಾಗಿ ಸಂಬಳದವರು: ಮೇಷ್ಟ್ರುಗಳು, ಗುಮಾಸ್ತರು, ಬ್ಯಾಂಕಿನ ನೌಕರರು. ಕೈಯಲ್ಲಿದ್ದ ಹಣಕ್ಕೆ ಕೆಳಗಿನ ಮನೆ ಆಗುತ್ತಿತ್ತು. ಮೇಲಿನದಕ್ಕೆ? ತಾರಸಿಯ ಮೂಲೆಗಳಲ್ಲಿ ಕಬ್ಬಿಣದ ಸರಳುಗಳನ್ನು ಹಾಗೆಯೇ ಎತ್ತಿ ಬಿಡುತ್ತಿದ್ದರು. ಮಗನಿಗೆ ಕೆಲಸವಾದ ಮೇಲೆ ನೋಡೋಣ ಎಂದು ಆಕಾಶಕ್ಕೆ ಬರೆದಿಟ್ಟ ಪ್ರಾಮಿಸರಿ ನೋಟು ಅದು! ಎಷ್ಟೋ ಮನೆಗಳಲ್ಲಿ ಆ ಸರಳುಗಳು ಹತ್ತಾರು ಮಳೆಗಾಲ ತುಕ್ಕು ಹಿಡಿದ ಮೇಲೆ ಮಹಡಿ ಎದ್ದಿದೆ. ಇಂದು ಆ ಮಹಡಿಗಳಲ್ಲೇ ಹಾಸನ, ಮಂಡ್ಯ, ಚಿತ್ರದುರ್ಗದಿಂದ ಓದಲು ಬಂದ ಹುಡುಗರು ಬಾಡಿಗೆಗಿದ್ದಾರೆ.

ಈ ಮನೆಗಳು ಕಷ್ಟಕಾಲಕ್ಕೆ ಏನೇನು ಕಲಿತಿವೆ ಎಂದು ತಿಳಿಯಬೇಕಾದರೆ ಮೊದಲು ಬಚ್ಚಲಿಗೆ ಹೋಗಬೇಕು, ಆಮೇಲೆ ಅಡುಗೆಮನೆಗೆ.

ಮನೆಯೊಂದರಲ್ಲಿ ಅಜ್ಜಿಯೊಬ್ಬರು ನೀರು ಬಳಸುವುದನ್ನು ನೋಡಿದೆ. ಅಕ್ಕಿ ತೊಳೆದ ಅಕ್ಕಚ್ಚು ಕರಿಬೇವಿನ ಗಿಡಕ್ಕೆ. ತರಕಾರಿ ತೊಳೆದದ್ದು ದಾಸವಾಳಕ್ಕೆ. ಬಟ್ಟೆ ಜಾಲಿಸಿದ ಕೊನೆಯ ನೀರು ಒಂದು ಬಕೆಟ್ಟಿನಲ್ಲಿ ನಿಂತು ಕಕ್ಕಸಿಗೆ. ಮೊಮ್ಮಗ ತಂದು ಕೂರಿಸಿದ ಶುದ್ಧ ನೀರಿನ ಯಂತ್ರದ ಕೊಳವೆ ಮೋರಿಗೆ ಬಿಟ್ಟಿತ್ತಂತೆ. ಅಜ್ಜಿ ಎರಡೇ ದಿನಕ್ಕೆ ಅದನ್ನು ಪತ್ತೆ ಹಚ್ಚಿ, ತುದಿಯನ್ನು ಪ್ಲಾಸ್ಟಿಕ್ ಬಿಂದಿಗೆಯೊಳಗೆ ಇಳಿಬಿಟ್ಟಿದ್ದಾರೆ. ಒಂದು ಚೊಂಬು ಕುಡಿಯುವ ನೀರಿಗೆ ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ತಳ್ಳುವ ಯಂತ್ರಗಳೂ ಇವೆ. ಆ ನೀರಲ್ಲಿ ಈಗ ಮನೆಯ ನೆಲ ಒರೆಸಿ, ಅಂಗಳಕ್ಕೂ ಹಾಕುತ್ತಾರೆ. 'ಯಂತ್ರ ಅವನದು, ನೀರು ನಂದು' ಎಂದರು ನಗುತ್ತಾ.

ಇದು ಜಿಪುಣತನ ಅನ್ನಿಸಿದರೆ ಈ ನೀರು ಎಲ್ಲಿಂದ ಬರುತ್ತದೆ ಎಂದು ನೆನಪು ಮಾಡಿಕೊಳ್ಳಿ. ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿಸಿಕೊಂಡು, ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಏರಿ ಅದು ನಮ್ಮ ನಲ್ಲಿಗೆ ಬರುತ್ತದೆ. ಕೊಡಪಾನವೊಂದನ್ನು ಸೊಂಟದ ಮೇಲಿಟ್ಟು ನಾಲ್ಕು ಮೆಟ್ಟಿಲು ಹತ್ತಿದವರಿಗೆ ಆ 500 ಮೀಟರಿನ ಬೆಲೆ ತಿಳಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಒಣಗಿದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ಕಾರು ತೊಳೆಯುವವರಿಗೆ, ಕೈತೋಟಕ್ಕೆ ಹಾಯಿಸುವವರಿಗೆ 5000 ರೂಪಾಯಿ ದಂಡ ಎಂದು ಸಾರಬೇಕಾಯಿತು. ಟ್ಯಾಂಕರಿಗಾಗಿ ಊರೆಲ್ಲ ಕಾದು ಕೂತಿದ್ದಾಗ ಬಕೆಟ್ಟು ಸಾಲಿನ ಮನೆಗಳಿಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಐದನೇ ಹಂತ ಆರಂಭವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯ ಸೇರಿತು. ಒಳ್ಳೆಯದೇ ಆಯಿತು. ಅಜ್ಜಿಯ ಬಿಂದಿಗೆ ಮಾತ್ರ ಇದ್ದಲ್ಲೇ ಇದೆ.

ಇನ್ನು ಅಡುಗೆಮನೆ. ಬೆಂಗಳೂರು ಸೀಮೆಯ ಮಿತವ್ಯಯದ ಮಹಾಕಾವ್ಯ ಯಾವುದು ಎಂದು ಕೇಳಿದರೆ ನಾನು ಬಸ್ಸಾರು ಎನ್ನುತ್ತೇನೆ. ಹುರುಳಿಯೋ ಅಲಸಂದೆಯೋ, ಒಂದು ಕಟ್ಟು ಸೊಪ್ಪಿನ ಜತೆ ಒಂದೇ ಸಲ ಬೇಯಿಸಿ ಬಸಿಯುವುದು. ಬಸಿದ ಕಟ್ಟಿಗೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿದ ಖಾರ ಬಿದ್ದರೆ ಸಾರು. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ ಒಗ್ಗರಣೆ, ಎರಡು ಚಮಚ ಕಾಯಿತುರಿ ಬಿದ್ದರೆ ಪಲ್ಯ. ಒಂದೇ ಉರಿ, ಒಂದೇ ನೀರು, ಎರಡು ಅಡುಗೆ. ಕಾಳಿನ ಸತ್ವ ಬಿಟ್ಟ ನೀರೂ ಮೋರಿಗೆ ಹೋಗುವುದಿಲ್ಲ. ಮಾರನೆಯ ದಿನ ಕಾಯಿಸಿದರೆ ರುಚಿ ಇನ್ನೂ ಹೆಚ್ಚು. ಈ ಮಾತಿಗೆ ತಕರಾರಿರುವವರು ಮುದ್ದೆಯ ಜತೆ ಉಂಡವರಲ್ಲ ಅಷ್ಟೆ. ಹೀರೇಕಾಯಿ ಸಿಪ್ಪೆಯ ಚಟ್ನಿ, ಹಲಸಿನ ಬೀಜದ ಸಾರು, ರಾತ್ರಿ ಮಿಕ್ಕ ಅನ್ನದ ಬೆಳಗಿನ ಚಿತ್ರಾನ್ನ ಎಲ್ಲ ಇದೇ ಬಳಗದವು. ತಿಂಗಳ ಕೊನೆಯ ಅಡುಗೆಗಳೆಂದು ಒಂದು ಕಾಲದಲ್ಲಿ ನೆಂಟರೆದುರು ಬಡಿಸಲು ಸಂಕೋಚಪಡುತ್ತಿದ್ದುದನ್ನು ಇಂದು ಹೋಟೆಲುಗಳು ವಿಶೇಷವೆಂದು ಬೋರ್ಡು ಹಾಕಿ ಮಾರುತ್ತವೆ.

ರವೆ ಇಡ್ಲಿಯ ಕಥೆಯೂ ಇಂಥದ್ದೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದವರು ನಾವೇ ಎಂದು ಲಾಲ್‌ಬಾಗಿನ ಹತ್ತಿರದ ಎಂ.ಟಿ.ಆರ್.ನವರು ಹೇಳುತ್ತಾರೆ. ಕೊರತೆಯ ತಿಂಡಿ ಹಬ್ಬದ ತಿಂಡಿಯಾಯಿತು.

ಮುದ್ದೆಯ ಮಾತು ಬಂತಲ್ಲ, ರಾಗಿಯನ್ನು ಬಿಟ್ಟು ಈ ನಾಡಿನ ಕಷ್ಟಕಾಲದ ಚರಿತ್ರೆ ಬರೆಯುವಂತಿಲ್ಲ. ರಾಗಿಗೆ ಹುಳು ಬೇಗ ತಾಗದು. ನೆಲದೊಳಗೆ ಹಗೇವು ತೋಡಿ, ತುಂಬಿ, ಬಾಯಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ನೆಲದಡಿಯ ಬ್ಯಾಂಕು ಅದು. ಆದರೆ 1876ರಿಂದ 78ರವರೆಗಿನ ಬರದಲ್ಲಿ, ಮಳೆ ಒಂದರ ಹಿಂದೊಂದು ಕೈಕೊಟ್ಟಾಗ ಹಗೇವುಗಳೂ ಬರಿದಾದವು. ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದನೇ ಒಂದು ಭಾಗ ನಾಶವಾಯಿತು ಎನ್ನುತ್ತದೆ ಚರಿತ್ರೆ. ಮನೆಯವರ ಜಾಣತನಕ್ಕೂ ಒಂದು ಮಿತಿಯಿದೆ, ಅದರಾಚೆಗೆ ಸರಕಾರದ ಹೊಣೆ ಎಂಬುದನ್ನು ಮಿತವ್ಯಯ ಬೋಧಿಸುವವರು ಮರೆಯಬಾರದು. 1965ರಲ್ಲಿ ಆಹಾರ ಅಭಾವವಾದಾಗ ಪ್ರಧಾನಿ ಲಾಲ್‌ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ನಮ್ಮ ಮನೆಗಳಿಗೆ ಒಪ್ಪತ್ತು ಹೊಸದಲ್ಲ, ಜನ ಸಲೀಸಾಗಿ ಪಾಲಿಸಿದರು. ಏಳೂ ದಿನ ಒಪ್ಪತ್ತಿನಲ್ಲೇ ಇದ್ದವರು ಏನನ್ನು ಬಿಡಬೇಕಿತ್ತೋ!

ಕಾಸಿನ ವಿಷಯಕ್ಕೆ ಬರೋಣ. ಮನೆವಾರ್ತೆಯ ಹಣದಲ್ಲಿ ಐದು ಹತ್ತು ಉಳಿಸಿ ಸಾಸಿವೆ ಡಬ್ಬಿಯಲ್ಲೋ ಅಕ್ಕಿಯ ಪೀಪಾಯಿಯ ತಳದಲ್ಲೋ ಹುದುಗಿಸಿಡುವುದು ನಮ್ಮ ತಾಯಂದಿರ ಹಳೆಯ ವಿದ್ಯೆ. ಈ ಸಣ್ಣ ಕಾಸಿನ ಶಕ್ತಿಯನ್ನು ಚೆನ್ನಾಗಿ ಗುರುತಿಸಿದವರು ಕರ್ನಾಟಕದಲ್ಲೂ ಇದ್ದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಕನ್ನಡದಲ್ಲಿ ಉಳಿದುಕೊಂಡಿದೆ.

ಡಬ್ಬಿಯ ಹಣ ಬೆಳಕಿಗೆ ಬಂದದ್ದು 2016ರ ನವೆಂಬರ್ 8ರ ರಾತ್ರಿ. 500 ಮತ್ತು 1000ದ ನೋಟು ನಡೆಯುವುದಿಲ್ಲ ಎಂದು ಪ್ರಧಾನಿಯವರು ಟಿ.ವಿ.ಯಲ್ಲಿ ಹೇಳಿದ ಮೇಲೆ, ವರ್ಷಾಂತರದಿಂದ ಗಂಡನಿಗೂ ಮಕ್ಕಳಿಗೂ ತಿಳಿಯದಂತೆ ಇಟ್ಟಿದ್ದ ನೋಟುಗಳನ್ನು ಹೆಂಗಸರು ತಾವೇ ತೆಗೆದು ಮೇಜಿನ ಮೇಲಿಡಬೇಕಾಯಿತು. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕು. ಕೆಲವು ಮನೆಗಳಲ್ಲಿ ನಗೆಯಾಡಿದರು, 'ನಮ್ಮಮ್ಮನೇ ರಿಸರ್ವ್ ಬ್ಯಾಂಕು' ಎಂದರು. ಆದರೆ ಯೋಚಿಸಿ ನೋಡಿ: ಮಗಳ ಪರೀಕ್ಷೆ ಫೀಸು, ತವರಿಗೆ ಬಸ್ ಚಾರ್ಜು, ಯಾರನ್ನೂ ಕೇಳದೆ ಖರ್ಚು ಮಾಡಬಹುದಾಗಿದ್ದ ಏಕೈಕ ಹಣ ಅದು. ಅಂದಿನಿಂದ ಅದು ಮನೆಯ ಹಣವಾಯಿತು. ಡಬ್ಬಿ ಮತ್ತೆ ತುಂಬಿದ ಮನೆಗಳೂ ಇವೆ, ತುಂಬದವೂ ಇವೆ.

ಇಲ್ಲಿ ತಂದೆ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಹಳೆಯದೆಲ್ಲ ಚಿನ್ನವಲ್ಲ. ನಾವು ಹೊಗಳುವ ಮಿತವ್ಯಯದಲ್ಲಿ ಬಹುಪಾಲು ಒಬ್ಬಳ ತಟ್ಟೆಯಿಂದ ಉಳಿಸಿದ್ದು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಬಳಿದು ಉಣ್ಣುವುದು, ಹಾಲು ಸಾಲದಿದ್ದರೆ ತನಗೆ ಬರಿಯ ಡಿಕಾಕ್ಷನ್, ಹಳಸುವ ಮುನ್ನ ಮುಗಿಯಲಿ ಎಂದು ಮೊನ್ನೆಯದನ್ನೂ ತಾನೇ ತಿನ್ನುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮನೆಯಲ್ಲಿ ಕಷ್ಟ ಬಂದಾಗ ಯಾರ ಪಾಲು ಮೊದಲು ಕಡಿಮೆಯಾಗುತ್ತದೆ ಎಂದು ಮಕ್ಕಳೇ ಒಮ್ಮೆ ಊಟದ ಹೊತ್ತಿನಲ್ಲಿ ಗಮನಿಸಲಿ. ಕರಿದ ಎಣ್ಣೆಯನ್ನು ಕಪ್ಪಾಗುವವರೆಗೆ ಕಾಯಿಸುವುದು, ಕಣ್ಣು ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ತಳ್ಳುವುದು ಕೂಡ ಉಳಿತಾಯವಲ್ಲ, ಸಾಲ.

ಅದೇ, ಸಮವಸ್ತ್ರದ ಅಂಚು ಮಡಚಿ ಹೊಲಿಸಿ ವರ್ಷಕ್ಕೊಮ್ಮೆ ಬಿಚ್ಚಿ ಇಳಿಸುವುದರಿಂದ ಯಾರಿಗೂ ನಷ್ಟವಿಲ್ಲ. ಇಳಿಸಿದ ಕಡೆ ಬಣ್ಣ ಮಾಸದ ಗೆರೆಯೊಂದು ಕಾಣುತ್ತಿತ್ತು. ಒಂದೇ ತರಗತಿಯ ಅರ್ಧದಷ್ಟು ಲಂಗಗಳಲ್ಲಿ ಆ ಗೆರೆ ಇದ್ದುದರಿಂದ ನಾಚಿಕೆ ಎನಿಸುತ್ತಿರಲಿಲ್ಲ. ಹಳೆ ನೋಟ್‌ಬುಕ್ಕುಗಳ ಖಾಲಿ ಹಾಳೆ ಕಿತ್ತು ದಬ್ಬಣದಲ್ಲಿ ಹೊಲಿದರೆ ಲೆಕ್ಕ ಮಾಡಲು ಒಂದು ರಫ್ ಬುಕ್ಕು. ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ ಇತ್ತು, ಇಂದೂ ಇದೆ. ಯಾರೋ ಜಾಣ ಅಡಿಗೆರೆ ಎಳೆದ ಹಳೆಯ ಪುಸ್ತಕ ಸಿಕ್ಕರೆ ಹೊಸದಕ್ಕಿಂತ ವಾಸಿ!

ಓದುವವರ ಕಷ್ಟಕ್ಕೆ ಈ ನಾಡು ಕಂಡುಕೊಂಡಿದ್ದ ದೊಡ್ಡ ಉಪಾಯ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳಲ್ಲಿ ಉಂಡು ಎಷ್ಟೋ ಬಡ ಹುಡುಗರು ಓದು ಮುಗಿಸಿದರು. ಉಣಿಸಿದ ಮನೆಗಳೇನೂ ಸಿರಿವಂತರದಲ್ಲ. ಜಾತಿಯ ಬೇಲಿ ಅದಕ್ಕೂ ಇತ್ತು, ಎಲ್ಲರಿಗೂ ಎಲ್ಲ ಮನೆಯ ಬಾಗಿಲು ತೆರೆದಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ವಿದ್ಯಾರ್ಥಿನಿಲಯಗಳು. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿಗೆ ಓದಲು ನಡೆದುಕೊಂಡೇ ಬಂದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಇಲ್ಲಿಗೆ ಹತ್ತಿರದ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೊಠಡಿಯಲ್ಲೇ ಬದುಕಿದರು.

ಇಂದಿನ ಕತ್ರಿಗುಪ್ಪೆಯ ಮಹಡಿ ಕೋಣೆಗಳಲ್ಲಿರುವ ಹುಡುಗರಿಗೆ ನಡೆದು ಬರುವ ಕಷ್ಟವಿಲ್ಲ. ಅವರ ಕಷ್ಟ ಬೇರೆ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಕಾಸು ಕಣ್ಣಿಗೆ ಕಾಣದು. ಜೇಬು ಹಗುರಾದದ್ದು ತಿಳಿಯುತ್ತಿದ್ದ ಕಾಲ ಹೋಯಿತು, ಫೋನು ಹಗುರಾಗುವುದಿಲ್ಲವಲ್ಲ. ಅಂಥ ನಾಲ್ವರು ಹುಡುಗರ ಕೋಣೆಗೆ ಹೋಗಿದ್ದೆ. ತಿಂಗಳ ಇಪ್ಪತ್ತಕ್ಕೇ ಹಣ ಮುಗಿದು ಊರಿಗೆ ಫೋನು ಮಾಡುವುದು ಎರಡು ಸಲ ಆದ ಮೇಲೆ, ಕೆಳಗಿನ ಮನೆಯ ಆಂಟಿ ಒಂದು ಉದ್ದ ಲೆಕ್ಕದ ಪುಸ್ತಕ ಕೊಟ್ಟರಂತೆ. 'ದಿನಾ ರಾತ್ರಿ ಮಲಗೋ ಮುಂಚೆ ಬರೀರಪ್ಪಾ, ನಮ್ಮ ಮಾವನೋರು ಹಂಗೇ ಬರೀತಿದ್ರು' ಎಂದರಂತೆ. ಮೊದಲ ವಾರದ ಪುಟ ನೋಡಿದರೆ ಟೀ ಮತ್ತು ಸಮೋಸದ ಬಾಬತ್ತು ಅಕ್ಕಿ ಬೇಳೆಯ ಬಾಬತ್ತನ್ನು ಮೀರಿತ್ತು. ಅವರಿಗೇ ನಗು ಬಂತು. ಬೈಗುಳವಿಲ್ಲದೆ ಆ ಪುಟವೇ ಪಾಠ ಹೇಳಿತು.

ಈಗ ಅಲ್ಲೊಂದು ಕುಕ್ಕರು, ಒಂದು ಸೇರಿನ ಅಳತೆಪಾತ್ರೆ ಇದೆ. ಗೋಡೆಗೆ ಕ್ಯಾಲೆಂಡರಿನ ಹಿಂಬದಿಯ ಹಾಳೆ ಅಂಟಿಸಿ ಸೋಮವಾರ ಅಡುಗೆ ಯಾರು, ಪಾತ್ರೆ ಯಾರು, ನೀರು ಹಿಡಿಯುವವರು ಯಾರು ಎಂದು ಬರೆದಿದ್ದಾರೆ. ಏಳು ದಿನಕ್ಕೆ ನಾಲ್ಕು ಹೆಸರು ಸರಿಹೊಂದದೆ ಭಾನುವಾರದ ಪಾತ್ರೆಯ ಬಗ್ಗೆ ಪ್ರತಿ ವಾರ ಜಗಳವಾಗುತ್ತದಂತೆ. ನಾನು ಹೋದ ದಿನ ಬಸ್ಸಾರು ಮಾಡಿದ್ದರು. ಉಪ್ಪು ಸ್ವಲ್ಪ ಮುಂದಾಗಿತ್ತು. ಐದು ತಟ್ಟೆ ಒಂದೇ ಸಲ ಹಾಕಿ, ಸಮವಾಗಿ ಬಡಿಸಿಕೊಂಡು, ಎಲ್ಲರೂ ಒಟ್ಟಿಗೆ ಕೂತು ಉಂಡೆವು.