ಕೌದಿಯ ಕೂಲಿ

ಅವ್ವ ತೀರಿಕೊಂಡ ಮೇಲೆ ಧಾರವಾಡದ ಮನೆಯನ್ನು ತೆರವು ಮಾಡಲೆಂದು ನಾನು ಬೆಂಗಳೂರಿನಿಂದ ಹದಿನೈದು ದಿನಗಳ ಮಟ್ಟಿಗೆ ಹೋಗಿದ್ದೆ. ಅವಳ ಟ್ರಂಕಿನಲ್ಲಿ ದೊರೆತುದು ಒಂದು ಅರೆಮುಗಿದ ಕೌದಿ. ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರದ ಅಂಚು, ನನ್ನ ಬಾಲ್ಯದ ಲಂಗದ ಚೂರು, ಎಲ್ಲವನ್ನೂ ಚೌಕಗಳಾಗಿ ಕತ್ತರಿಸಿ ಮೇಲುಹಾಸನ್ನು ಜೋಡಿಸಿದ್ದಳು. ಒಳಪದರಕ್ಕೆಂದು ತನ್ನವೇ ಎರಡು ಹಳೆಯ ವಾಯಿಲ್ ಸೀರೆಗಳನ್ನೂ ಮಡಚಿಟ್ಟಿದ್ದಳು. ಪದರಗಳನ್ನು ಕೂಡಿಸಿ ಹೊಲಿಯುವುದಷ್ಟೇ ಉಳಿದಿತ್ತು. ಕಣ್ಣು ಮಂಜಾದ ಮೇಲೆ ಅದು ಅವಳಿಂದ ಆಗಿರಲಿಲ್ಲ. ನನಗಂತೂ ಗುಂಡಿ ಹಚ್ಚುವುದರಿಂದಾಚೆಗೆ ಸೂಜಿಯ ಪರಿಚಯವಿಲ್ಲ.

'ಅಷ್ಟೇ' ಎಂದೆನಲ್ಲ, ಆ ಮಾತಿನಲ್ಲಿಯೇ ನನ್ನ ಅಜ್ಞಾನವಿತ್ತು.

ಓಣಿಯ ತುದಿಯಲ್ಲಿ ಕೂಲಿಗೆ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಳು. ಹೇಳಿಕಳುಹಿಸಿದಾಗ ಬಂದು, ಮೇಲುಹಾಸನ್ನು ನೆಲದ ಮೇಲೆ ಹರಡಿ, ಗೇಣಿನಿಂದ ಅಳೆದಳು. ಉದ್ದ ಆರು ಅಡಿ, ಅಗಲ ನಾಲ್ಕು.

"ಹನ್ನೆರಡು ದಿನದ ಕೆಲಸರಿ ಅಕ್ಕಾರ. ಎರಡೂವರಿ ಸಾವಿರ ಆಗ್ತದ."

ನಾನು ಬೆಚ್ಚಿದೆ. ಅರಿವೆ ನಮ್ಮದು, ಜೋಡಿಸಿದ್ದು ಅವ್ವ. ಪೇಟೆಯಲ್ಲಿ ಇದರ ಅರ್ಧ ಹಣಕ್ಕೆ ಹೊಸ ರಜಾಯಿಯೇ ದೊರೆಯುತ್ತದೆ!

"ಬರೇ ಹೊಲಗೀಗೆ ಇಷ್ಟಂದ್ರ ಹೆಂಗ ಯವ್ವಾ? ಒಂದೂವರಿ ಸಾವಿರ ತಗೋ."

ಆಕೆ ಮುನಿಯಲಿಲ್ಲ. ಬಟ್ಟೆಯ ಮೇಲೆ ಒಂದು ಬೆರಳನ್ನಿಟ್ಟು, "ಇಷ್ಟ ಸಂದಿ ಬಿಟ್ಟು ಸಾಲ ಹಾಕಿದ್ರ ಎರಡೂವರಿ" ಎಂದಳು. ಬಳಿಕ ಎರಡು ಬೆರಳುಗಳನ್ನಿಟ್ಟು, "ಇಷ್ಟ ಬಿಟ್ರ ಒಂದೂವರಿ. ಆದ್ರ ಒಗದಾಗ ಒಳಗಿನ ಅರಿವಿ ಸರದು ಮುದ್ದಿ ಆಗ್ತದ. ನಿಮ್ಮ ಅವ್ವಾರ ಸೀರಿ, ನೀವ ಹೇಳ್ರಿ."

ನಾಳೆ ಹೇಳುವೆನೆಂದು ಕಳುಹಿಸಿದೆ. ಅಮೆರಿಕೆಯಲ್ಲಿರುವ ತಂಗಿಗೆ ಫೋನಿನಲ್ಲಿ ಈ ಕತೆ ಹೇಳಿದರೆ ಅವಳು ನಕ್ಕಳು. ಅಲ್ಲಿಯೂ ಇಂಥ ಮೇಲುಹಾಸುಗಳನ್ನು ಯಂತ್ರದಿಂದ ಹೊಲಿದುಕೊಡುವವರು ಚದರ ಅಂಗುಲದ ಲೆಕ್ಕದಲ್ಲಿ ಕೂಲಿ ಕೇಳುತ್ತಾರಂತೆ. ಹೊಲಿಗೆ ಒತ್ತಾದಷ್ಟೂ ದರ ಏರುತ್ತದಂತೆ. ಮುದುಕಿಯ ಬೆರಳು ಹೇಳಿದ್ದೂ ಅದನ್ನೇ.

ಅಂದು ರಾತ್ರಿ ನಿದ್ರೆ ಬಾರದೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಬೆರಳಗಲವೆಂದರೆ ಮುಕ್ಕಾಲು ಅಂಗುಲ. 48 ಅಂಗುಲದ ಅಗಲದಲ್ಲಿ 64 ಸಾಲುಗಳು. ಒಂದೊಂದೂ 72 ಅಂಗುಲ. ಒಟ್ಟು 384 ಅಡಿ. ಅಂಗುಲಕ್ಕೆ ನಾಲ್ಕರಂತೆ 18,432 ಹೊಲಿಗೆಗಳು! ಹೊಲಿಗೆಯೊಂದಕ್ಕೆ ಹದಿನಾಲ್ಕು ಪೈಸೆಯೂ ಬೀಳದು. ಹನ್ನೆರಡು ದಿನಗಳಿಗೆ ಹಂಚಿದರೆ ದಿನಕ್ಕೆ 208 ರೂಪಾಯಿ. ಬೆಂಗಳೂರಿನಲ್ಲಿ ನಾನೂ ಯಜಮಾನರೂ ದೋಸೆ ತಿಂದು ಕಾಫಿ ಕುಡಿದೆದ್ದರೆ ಅಷ್ಟಾಗುತ್ತದೆ.

ಲೆಕ್ಕ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅವ್ವ ತನ್ನ ಆಯುಷ್ಯದಲ್ಲಿ ಏಳು ಕೌದಿಗಳನ್ನು ಹೊಲಿದಿದ್ದಳು: ಮದುವೆಗೊಂದು, ಬಾಣಂತನಕ್ಕೊಂದು, ಮೊಮ್ಮಗ ಶಾಲೆಗೆ ಸೇರಿದಾಗ ಒಂದು. ಅಡಿಗೆ ಮುಗಿದ ಮಧ್ಯಾಹ್ನಗಳಲ್ಲಿ ಅವಳು ಕಿಟಕಿಯ ಬಳಿ ಕುಳಿತು ಹೊಲಿಯುತ್ತಿದ್ದುದನ್ನು ನಾವು ಕೆಲಸವೆಂದು ಎಣಿಸಿಯೇ ಇರಲಿಲ್ಲ. ಮೂರು ವರ್ಷಗಳ ಹಿಂದೆ ಮನೆ ಬದಲಾಯಿಸುವಾಗ, ಫ್ರಿಜ್ಜಿಗೆ ಗೀರು ಬೀಳಬಾರದೆಂದು, ಮಗನಿಗೆ ಅವಳು ಹೊಲಿದುಕೊಟ್ಟ ಕೌದಿಯನ್ನೇ ಸುತ್ತಿ ಲಾರಿಗೇರಿಸಿದ್ದೆ. ಫ್ರಿಜ್ಜು ಬಂತು; ಕೌದಿ ಬರಲಿಲ್ಲ. ಹಳೆಯ ಬಟ್ಟೆ ತಾನೆ ಎಂದು ನಾನು ವಿಚಾರಿಸಲೂ ಇಲ್ಲ. ಅವ್ವ ಒಮ್ಮೆ ಬಂದಾಗ, ಅದೆಲ್ಲಿ ಎಂದು ಕೇಳಿದಳು. ಅಟ್ಟದ ಮೇಲಿದೆ ಎಂದುಬಿಟ್ಟೆ.

ಮರುದಿನ ಮುದುಕಿಗೆ ಒಂದು ಬೆರಳಿನ ಸಂದಿಯೇ ಇರಲೆಂದೆ. ಹನ್ನೆರಡು ದಿನವೂ ಆಕೆ ನಮ್ಮ ಪಡಸಾಲೆಯಲ್ಲಿಯೇ ಕುಳಿತು ಹೊಲಿದಳು. ಕಡೆಯ ಮೂಲೆಯನ್ನು ಮುಚ್ಚುವ ಮುನ್ನ, "ಕೌದಿ ಹೊಟ್ಟಿ ಹಸದಿರಬಾರದು" ಎಂದು ಹೋಳಿಗೆಯ ಚೂರೊಂದನ್ನು ಕೇಳಿ ಪಡೆದು ಒಳಗಿಟ್ಟಳು. ಅವ್ವನೂ ಹಾಗೆಯೇ ಮಾಡುತ್ತಿದ್ದಳು.

ಬೆಂಗಳೂರಿಗೆ ಮರಳಿದ ರಾತ್ರಿ ಮಗ ಅದನ್ನು ಹೊದ್ದುಕೊಂಡು ಕೇಳಿದ: "ಲಾರಿಯವರು ಒಯ್ದದ್ದೂ ಇಂಥದೇ ಆಗಿತ್ತಲ್ಲವೇ ಅಮ್ಮಾ?"

ಹೌದೆಂದೆ. ಅದರ ಸಾಲುಗಳು ಇನ್ನೂ ಒತ್ತಾಗಿದ್ದವು.